ಬೆಟ್ಟಯ್ಯ ಕೂಸಿಗೆ ಮಾತು ಕಲಿಸಿದ್ದು

ಹೂಂಗುಟ್ಟೋರು ಹತ್ತಿರ ಬನ್ನಿ, ತೂಕಡಿಸೋರು ಗೋಡೆಗೆ ಒರಗಿ. ಹುಣಸೆಕೊಪ್ಪಲಲ್ಲಿ ಚೆಲುವಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಬೆಟ್ಟಯ್ಯ. ಆಳು ಬೆಟ್ಟದ ಹಂಗೆ, ಬುದ್ಧಿ ಬೆಟ್ಟದ ಆಚೆ ಕಡೆ! ಹೇಳಿದ್ದನ್ನ ಹೇಳಿದ ಹಂಗೇ ಮಾಡೋನು. ಅದೇ ಚೆಲುವಮ್ಮನ ಗೋಳು.

ಮಗಳು ತಾಯಮ್ಮನನ್ನ ಪಕ್ಕದೂರಿಗೆ ಕೊಟ್ಟಿದ್ದಳು. ತಾಯಮ್ಮನಿಗೊಂದು ಹೆಣ್ಣುಕೂಸು, ಪಾರಿ. ಹಲ್ಲು ಬಂತು, ನಡಿಗೆ ಬಂತು, ಮಾತು ಮಾತ್ರ ಬರಲಿಲ್ಲ. ತಾಯಮ್ಮನ ಅತ್ತೆ ಕಾಳಮ್ಮ ಮೂಗು ಮುರಿದಳು: "ಸೋದರಮಾವನ ಬುದ್ಧಿ ಬಂದದೆ! ತವರಿಗೆ ನಡಿ. ಕೂಸು ಬಾಯಿ ಬಿಟ್ಟಮೇಲೆ ಕರ್ಕೊಂಡು ಬರೋ ಮಾತು."

ಮಗಳು ಕೂಸನ್ನ ಎತ್ಕೊಂಡು ಬಂದು ಬಾಗಿಲಲ್ಲಿ ನಿಂತಾಗ ಚೆಲುವಮ್ಮ ಕೂಸನ್ನ ಇಸ್ಕೊಂಡು ಮಗಳನ್ನ ಒಳಗೆ ಕರ್ಕೊಂಡ್ಲು.

ತಾಯಿ ಮಗಳು ಕಳೆ ಕೀಳೋಕೆ ಹೊರಟರು. "ಮಗಾ, ಕೂಸಿನ ಮೇಲೆ ಒಂದು ಕಣ್ಣಿಟ್ಟಿರು!"

"ಆಗ್ಲವ್ವ!"

ಬೆಟ್ಟಯ್ಯ ಒಂದು ಕಣ್ಣನ್ನ ಅಂಗೈಯಲ್ಲಿ ಮುಚ್ಚಿಕೊಂಡ, ಇನ್ನೊಂದನ್ನ ಕೂಸಿನ ಮೇಲಿಟ್ಟ. ಕೂಸು ನಡೀತು, ಅವನೂ ನಡೆದ. ಮಜ್ಜಿಗೆ ಗಡಿಗೆ ಇದ್ದದ್ದು ಮುಚ್ಚಿದ ಕಣ್ಣಿನ ಕಡೆಗೆ. ಢಬ್!

"ಅಯ್ಯೋ ನನ್ನ ಕರ್ಮವೇ!" ಅಂದ್ಲು ಹೊಲದಿಂದ ಬಂದ ಚೆಲುವಮ್ಮ. "ಮುಖ ಮುಚ್ಕೊಂಡು ಸುಮ್ಮನಿದ್ರೆ ಕೂಸಿಗೆ ಮಾತೆಲ್ಲಿಂದ ಬಂದಾತು? ಎತ್ಕೊಂಡು ತಿರುಗು. ಕಂಡದ್ದನ್ನೆಲ್ಲ ತೋರಿಸಿ ತೋರಿಸಿ ಹೇಳು!"

"ಆಗ್ಲವ್ವ!"

ಮಾರನೇ ದಿನ ಕೂಸು ಹೆಗಲ ಮೇಲೆ, ಬೆಟ್ಟಯ್ಯ ಬೀದಿ ಮೇಲೆ. "ಪಾರೀ, ಇದು ಕಂಬ! ಇದು ಕೋಳಿ! ಇದು ಪಟೇಲರ ಬೋಳುತಲೆ! ಇದು ನಂಜಕ್ಕನ ಹಿತ್ತಲು, ಇದು ಸೋರೆಕಾಯಿ! ಮೊನ್ನೆ ನಮ್ಮವ್ವ ಹೇಳದೆ ಕೇಳದೆ ಕಿತ್ತುಕೊಂಡು ಬಂದದ್ದು ಇದರ ತಂಗಿ!"

ಸಂಜೆ ನಂಜಕ್ಕ ಬಂದು ಊರಿಗೆಲ್ಲ ಕೇಳೋ ಹಂಗೆ ಬೈದು ಹೋದಳು.

"ನಿನ್ನ ಬಾಯಿಗೆ ಮಣ್ಣು ಹಾಕ!" ಅಂತ ಚೆಲುವಮ್ಮ ಹಣೆ ಚಚ್ಚಿಕೊಂಡ್ಲು. "ನೀನಾಗಿ ಏನೂ ಹೇಳಬ್ಯಾಡ. ಕೂಸು ಏನಂತದೋ ಅದನ್ನೇ ನೀನೂ ಅನ್ನು!"

"ಆಗ್ಲವ್ವ!"

ಕೂಸು "ಬಬ್ಬಬ್ಬ" ಅಂತು. ಬೆಟ್ಟಯ್ಯ "ಬಬ್ಬಬ್ಬ" ಅಂದ. ಕೂಸು ಕೇಕೆ ಹಾಕ್ತು, ಅವನೂ ಹಾಕಿದ. ಹೊತ್ತು ನೆತ್ತಿಗೇರಿತು. ಕೂಸು "ಊಂ" ಅಂತ ರಾಗ ತೆಗೀತು. ಇವನೂ ತೆಗೆದ! ಚೆಲುವಮ್ಮ ಹೊಲದಿಂದ ಬಂದು ನೋಡಿದ್ರೆ, ಇಬ್ಬರೂ ನೆಲದಲ್ಲಿ ಬಿದ್ದು ಕಾಲು ಬಡಿದು ಅಳ್ತಾವ್ರೆ. ಹಾಲನ್ನದ ಬಟ್ಟಲು ಪಕ್ಕದಲ್ಲೇ ಕೂತದೆ!

"ಕೂಸಿಗೆ ಹಸಿವು ಕನ್ಲಾ! ಮಾತು ಬರದಿದ್ರೂ ಮನಸ್ಸು ಬಂದಿರ್ತದೆ. ಇದು ಬೇಕು, ಇದು ಬ್ಯಾಡ ಅಂತ ಒಳಗೊಳಗೇ ಅನ್ಕೊಳ್ತಿರ್ತದೆ. ಅದರ ಮನಸ್ಸಲ್ಲಿರೋದನ್ನ ನೀನು ಬಾಯಲ್ಲಿ ಹೇಳು!"

"ಆಗ್ಲವ್ವ!"

ಅಲ್ಲಿಂದ ಬೆಟ್ಟಯ್ಯನಿಗೆ ಕೂಸಿನ ಮುಖ ನೋಡೋದೇ ಕೆಲಸ. ಅದು ಚೆಂಬು ನೋಡಿದ್ರೆ "ನೀರು ಬೇಕು!" ಅಂತ ಇವನು ಕೂಗೋನು. ಹೊಸಿಲು ನೋಡಿದ್ರೆ "ಆಚೆ ಹೋಗಬೇಕು!" ಅನ್ನೋನು. ದಿನ ದಿನ ಇದೇ ಆಯ್ತು. ಚೆಲುವಮ್ಮನಿಗೆ ಬೈಯೋಕೆ ಏನೂ ಸಿಗಲಿಲ್ಲ. ಅದೇ ಅವಳಿಗೆ ದಿಗಿಲು!

ಒಂದು ದಿನ ಕಾಳಮ್ಮ ಬಂದೇಬಿಟ್ಟಳು. ಮೂಗಿನ ತುಂಬ ಮೂಗುತಿ, ಬಾಯಿ ತುಂಬ ಹೊಗೆಸೊಪ್ಪು. ಕೂಸನ್ನ ಎತ್ಕೊಂಡ್ಲು. ಕೂಸು ಮುಖ ತಿರುಗಿಸ್ತು.

"ಕೆಳಗಿಳಿಸು! ನಿನ್ನ ಬಾಯಿ ನಾರ್ತದೆ!" ಅಂತ ಕೂಗಿದ ಬೆಟ್ಟಯ್ಯ.

"ಏನಂದೆ?"

"ನಾನಲ್ಲ ಅತ್ತೆ, ಕೂಸು ಅಂತಾ ಅದೆ!"

ಕೆಟ್ಟೆ ಅಂತ ಚೆಲುವಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡ್ಲು. ಅಷ್ಟರಲ್ಲಿ ಕೂಸು ತಿರುಗಿ ಮೂಗುತಿಗೆ ಕೈ ಹಾಕ್ತು. ಬೆಟ್ಟಯ್ಯ ಬಾಯಿ ತೆಗೆಯೋಕೆ ಮೊದಲೇ ಕೂಸೇ ಅಂತು:

"ಮೂತಿ! ಮೂತಿ ಬೇಕು!"

ಕಾಳಮ್ಮನ ಕಣ್ಣು ಅರಳಿತು. "ಕೇಳಿದ್ಯೇನೇ ತಾಯಮ್ಮ? ಬೇಕೂ ಅಂತು! ನನ್ನ ಮೂತಿನೇ ಬೇಕಂತೆ! ತಗೊಳೇ ನನ್ನವ್ವ!" ಅಂತ ಕೆನ್ನೆಗೆ ಕೆನ್ನೆ ಒತ್ತಿದ್ಲು. "ಯಾರು ಕಲಿಸಿದ್ದು?"

"ಅಣ್ಣ" ಅಂದ್ಲು ತಾಯಮ್ಮ.

ಕಾಳಮ್ಮ ಚೆಲುವಮ್ಮನ ಕೈ ಹಿಡ್ಕೊಂಡ್ಲು. "ಬೀಗ್ತೀ, ನಿಮ್ಮ ಮಗನ್ನ ಆಡ್ಕೊಂಡದ್ದು ತಪ್ಪಾಯ್ತು. ನಾಳೆನೇ ಸೊಸೆ ಮೊಮ್ಮಗಳನ್ನ ಕರ್ಕೊಂಡು ಹೋಗ್ತೀನಿ."

ಮಗನ ಬಗ್ಗೆ ಇಂಥ ಮಾತನ್ನ ಚೆಲುವಮ್ಮ ಯಾವತ್ತೂ ಕೇಳಿರಲಿಲ್ಲ. ಅವನ ತಲೆ ಸವರಿದಳು. "ನನ್ನಪ್ಪ, ನಿನ್ನಿಂದ ಇವತ್ತು ನಾನು ಉಬ್ಬಿಹೋದೆ ಕನ್ಲಾ!"

ಬೆಟ್ಟಯ್ಯನ ಮುಖ ಬಿಳಿಚಿಕೊಂಡ್ತು. ಎದ್ದ, ಬಿದ್ದ, ನಾಟಿ ಪಂಡಿತರ ಮನೆಗೆ ಓಡಿದ! "ಪಂಡಿತ್ರೇ, ಬನ್ನಿ! ನಮ್ಮವ್ವ ಉಬ್ಬಿಹೋಗವ್ಳೆ! ನನ್ನಿಂದಲೇ ಅಂತೆ!"

ಪಂಡಿತರು ಬೇವಿನ ಕಷಾಯ ಹಿಡಿದು ಬಂದರು. ಹಿಂದೆ ಅರ್ಧ ಊರು ಬಂತು.

"ಎಲ್ಲಿ ಉಬ್ಬಿರೋದಮ್ಮ?"

ಚೆಲುವಮ್ಮ ಬೈಯೋಕೆ ಬಾಯಿ ತೆಗೆದ್ಲು. ಎದುರಿಗೆ ಬೀಗ್ತಿ ನಿಂತವ್ಳೆ, ಬಾಗಿಲ ತುಂಬ ಜನ ನಿಂತವ್ರೆ. ಕಷಾಯದ ಬಟ್ಟಲು ಹಿಡಿದು ಮಗ ನಿಂತವ್ನೆ, ಕಣ್ಣಲ್ಲಿ ನೀರು. ಬಟ್ಟಲು ಇಸ್ಕೊಂಡು ಗಟಗಟ ಕುಡಿದ್ಲು.

"ಇಳೀತು ಕನ್ ಮಗಾ."

ಜನ ಬೆಟ್ಟಯ್ಯನ ಬೆನ್ನು ತಟ್ಟಿದರು. "ಕೂಸಿಗೆ ಮಾತು ಕಲಿಸಿದೆ, ತಾಯೀನೂ ಉಳಿಸಿದೆ, ಭೇಷ್!" ಬೆಟ್ಟಯ್ಯನಿಗೆ ಎದೆಯೊಳಗೆ ಏನೋ ಏರಿದಂಗಾಯ್ತು. ಮುಟ್ಟಿ ನೋಡ್ಕೊಂಡ. ಬೆಚ್ಚಿಬಿದ್ದ.

"ಪಂಡಿತ್ರೇ, ನನಗೂ ಒಂದು ಬಟ್ಟಲು ಕೊಡಿ! ಅವ್ವಂದು ನನಗೂ ಅಂಟ್ಕೊಂಡದೆ!"