ಪ್ರಮಾಣದ ದಿಂಬು

"ಈ ಮೊಣಕಾಲು ಬಾಗಿದ್ದು ಒಂದೇ ನಿಷ್ಠೆಗೆ. ಒಮ್ಮೆ ಕೊಟ್ಟ ಮಾತನ್ನು ನಾನು ಜನ್ಮದಲ್ಲಿ ಬದಲಿಸಿದವನಲ್ಲ" ಎಂದು ಸ್ಪೇನ್ ದೇಶದ ಪ್ರಧಾನ ಮಂತ್ರಿ ತುಂಬಿದ ದರ್ಬಾರಿನಲ್ಲಿ ಎದೆ ತಟ್ಟಿಕೊಂಡು ಹೇಳಿದಾಗ, ಗೋಡೆಯ ಪಕ್ಕ ನಿಂತಿದ್ದ ಬಾಸಿಲಿಯೋನಿಗೆ ಕೆಮ್ಮು ಬಂತು.

ಬಾಸಿಲಿಯೋ ಅರಮನೆಯ ದಿಂಬಿನವನು. ಮಂತ್ರಿಯಾಗುವವರೆಲ್ಲ ದೊರೆಯ ಮುಂದೆ ಒಂದು ದಿಂಬಿನ ಮೇಲೆ ಮಂಡಿಯೂರಿ ಪ್ರಮಾಣ ಮಾಡಬೇಕು. ಆ ದಿಂಬನ್ನು ತರುವುದು, ಕೊಡವುವುದು, ಒಯ್ಯುವುದು, ಇಷ್ಟೇ ಅವನ ಕೆಲಸ. ಮೂವತ್ತೊಂದು ವರ್ಷದಿಂದ ಮಾಡುತ್ತಿದ್ದ. ಕಣ್ಣಿಗೆ ಬಟ್ಟೆ ಕಟ್ಟಿ ನಿಲ್ಲಿಸಿದರೂ, ಮಂಡಿ ದಿಂಬಿಗೆ ತಾಗಿದ ಸದ್ದು ಕೇಳಿಯೇ ಆ ಮಂತ್ರಿ ಎಷ್ಟು ತಿಂಗಳು ಕುರ್ಚಿಯಲ್ಲಿ ಬಾಳುತ್ತಾನೆಂದು ಹೇಳಬಲ್ಲವನಾಗಿದ್ದ. ಇಡೀ ಮ್ಯಾಡ್ರಿಡ್ ಪಟ್ಟಣದಲ್ಲಿ ಈ ವಿದ್ಯೆ ಇನ್ನೊಬ್ಬನಿಗೆ ಗೊತ್ತಿರಲಿಲ್ಲ. ಬೇಕೂ ಆಗಿರಲಿಲ್ಲ ಅನ್ನಿ.

ಪ್ರಧಾನ ಮಂತ್ರಿಯ ಹೆಸರು ದೋನ್ ಎವಾರಿಸ್ತೋ, ಮಾರ್ಕೆಸ್ ದೆ ತೊರೆಸೆಕಾ. ಮಾರ್ಕೆಸ್ ಎಂದರೆ ನಮ್ಮ ಜಹಗೀರುದಾರನಿಗಿಂತ ನಾಲ್ಕು ಮೆಟ್ಟಿಲು ಮೇಲೆ. ಬಿರುದುಗಳನ್ನೆಲ್ಲ ಸೇರಿಸಿ ಅವನನ್ನು ಊಟಕ್ಕೆ ಕರೆದು ಮುಗಿಸುವಷ್ಟರಲ್ಲಿ ಸಾರು ಆರಿ ಮಂಜುಗಡ್ಡೆಯಾಗುತ್ತಿತ್ತು.

ಮಹಾಶಯನ ಚರಿತ್ರೆಯೂ ಹೆಸರಿನಷ್ಟೇ ಉದ್ದ. ಹಳೇ ದೊರೆಯ ಕಾಲದಲ್ಲಿ ರಾಜನಿಷ್ಠ. ದೊರೆ ಓಡಿಹೋದ ದಿನದಿಂದ ಒಂಬತ್ತು ದಿನ ನೆಗಡಿಯೆಂದು ಹಾಸಿಗೆ ಹಿಡಿದ. ಹತ್ತನೆಯ ದಿನ ಪ್ರಜಾಪಕ್ಷದವನಾಗಿ ಎದ್ದ. ಗಣರಾಜ್ಯ ಬಂದಾಗ ಸಾರೋಟಿನ ಬಾಗಿಲ ಮೇಲಿದ್ದ ವಂಶದ ಲಾಂಛನಕ್ಕೆ ಬಣ್ಣ ಬಳಿಸಿದ. ಹೊಸ ದೊರೆ ಬಂದಾಗ ಅದೇ ಬಣ್ಣವನ್ನು ಕೆರೆಸಿದ. ಸ್ನಾನದ ತೊಟ್ಟಿಯಲ್ಲೇ ತಲೆ ಸುತ್ತುವವನು ಎರಡು ಸಲ ನೌಕಾದಳದ ಮಂತ್ರಿಯಾಗಿದ್ದ. ಒಟ್ಟು ಹನ್ನೊಂದು ಪ್ರಮಾಣ. ದಿಂಬಿನ ಹೊದಿಕೆ ಕೆಂಪಾಯಿತು, ನೇರಳೆಯಾಯಿತು, ಮತ್ತೆ ಕೆಂಪಾಯಿತು. ಮೇಲೆ ಊರಿದ ಮಂಡಿ ಮಾತ್ರ ಅದೇ.

ಇದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೇಳಿದ ಮೂವರು ಪತ್ರಿಕೆಯವರು ಸೆರೆಮನೆಯಲ್ಲಿ ಹುರುಳಿ ಬೇಯಿಸಿಕೊಂಡಿದ್ದರು.

"ಯಾರದು ಕೆಮ್ಮಿದ್ದು?" ಎಂದ ಮಾರ್ಕೆಸ್.

"ನಾನೇ, ಪ್ರಭು. ಧೂಳು."

"ನೀನು ಯಾರು?"

"ದಿಂಬಿನವನು."

"ಒಂದು ದಿಂಬಿಗೆ ಒಬ್ಬ ಆಳೇ? ಇಂಥವರಿಂದಲೇ ದೇಶ ಕೆಟ್ಟದ್ದು." ಮಾರ್ಕೆಸ್ ದೊರೆಯ ಕಡೆ ತಿರುಗಿದ. "ಮಹಾಸ್ವಾಮಿ, ಈ ದಿಂಬೂ ದಂಡ, ಇವನೂ ದಂಡ. ಇವತ್ತೇ ಎರಡನ್ನೂ ತೆಗೆದುಹಾಕೋಣ. ಮೆಟ್ಟಿಲ ಕೆಳಗೆ ಇವನಿಗೊಂದು ಕೋಣೆ ಇದೆಯಂತೆ. ಅಲ್ಲಿ ನನ್ನ ಬೇಟೆನಾಯಿಗಳು ಮಲಗಲಿ."

ಆ ಕೋಣೆಯಲ್ಲಿ ಬಾಸಿಲಿಯೋನ ವಿಧವೆ ತಂಗಿ ಕಾಸಿಲ್ದಾ ಮತ್ತು ಅವಳ ಮೂರು ಹೆಣ್ಣುಮಕ್ಕಳು ಇದ್ದರು. ಹೊರಗೆ ಜನವರಿಯ ಹಿಮ. ಆದರೂ ಬಾಸಿಲಿಯೋ ನಡು ಬಗ್ಗಿಸಿ ನಮಸ್ಕರಿಸಿದ.

"ಪ್ರಭುಗಳ ಮಾತು ಲಕ್ಷ ಬೆಲೆಯದ್ದು. ನಾನೇ ಕೇಳಿಕೊಳ್ಳೋಣ ಅಂತಿದ್ದೆ. ಒಂದೇ ಒಂದು ಶಾಸ್ತ್ರ ಬಾಕಿ."

"ಏನು ಶಾಸ್ತ್ರ?"

"ಅರಮನೆಯಿಂದ ಒಡಕು ಕೆಟಲ್ ಎಸೆಯುವುದಾದರೂ, ಎಸೆಯಿಸುವವರು 'ಇದು ನನಗಿನ್ನು ಬೇಡ' ಅಂತ ಒಂದು ಸಾಲು ಬರೆದು ರುಜು ಹಾಕಬೇಕು. ಇಲ್ಲಿನ ಪದ್ಧತಿ."

"ಹೌದು, ಹೌದು" ಎಂದ ದೊರೆ. ಆಕಳಿಸುತ್ತ ಕೂತಿದ್ದವನು ಈಗ ಸ್ವಲ್ಪ ಮುಂದೆ ಬಾಗಿದ್ದ. "ನನ್ನ ಹಳೇ ಚಪ್ಪಲಿಗೂ ನಾನು ರುಜು ಹಾಕಿದ್ದೇನೆ."

"ತಾ ಇಲ್ಲಿ" ಎಂದ ಮಾರ್ಕೆಸ್.

ಬಾಸಿಲಿಯೋ ಅಲ್ಲೇ ನಿಂತು ಬರೆದು, ಎಲ್ಲರಿಗೂ ಕೇಳುವಂತೆ ಓದಿದ: "ತೊರೆಸೆಕಾದ ಮಾರ್ಕೆಸ್ ಆದ ನಾನು ಕೊಟ್ಟ ಮಾತನ್ನು ಬದಲಿಸುವವನಲ್ಲವಾದ್ದರಿಂದ, ಇನ್ನು ಮುಂದೆ ಯಾವ ಸರ್ಕಾರದಲ್ಲೂ ಪ್ರಮಾಣ ಮಾಡುವುದಿಲ್ಲ. ಈ ದಿಂಬು ನನಗೆ ಬೇಡ."

ಮಾರ್ಕೆಸ್ ಲೇಖನಿ ಎತ್ತಿದ. ಎತ್ತಿದ ಕೈ ಎತ್ತಿದಂತೆಯೇ ನಿಂತಿತು.

ವಿಷಯ ಏನೆಂದರೆ, ಉತ್ತರದಲ್ಲಿ ಒಬ್ಬ ಜನರಲ್ ದಂಡು ಕಟ್ಟಿಕೊಂಡು ಹೊರಟಿದ್ದ. ದೊರೆಯನ್ನು ಮುಟ್ಟುವುದಿಲ್ಲ, ಮಂತ್ರಿಮಂಡಲವನ್ನು ಮಾತ್ರ ಗುಡಿಸಿಹಾಕುತ್ತೇನೆ ಎಂದು ಸಾರಿದ್ದ. ಮಾರ್ಕೆಸ್ ಅವನಿಗೆ ಆಗಲೇ ಎರಡು ಹಂದಿತೊಡೆ, ಒಂದು ಪೀಪಾಯಿ ಮದ್ಯ, ಒಂದು ವಿನಯದ ಪತ್ರ ಕಳಿಸಿಯಾಗಿತ್ತು. ಅಡುಗೆಮನೆಯವರಿಗೆ ಗೊತ್ತಿತ್ತು. ಅಡುಗೆಮನೆಗೆ ಗೊತ್ತಾದದ್ದು ಮೆಟ್ಟಿಲ ಕೆಳಗಿನ ಕೋಣೆಗೂ ಗೊತ್ತಿತ್ತು.

ರುಜು ಹಾಕಿದರೆ ಮುಂದಿನ ಸರ್ಕಾರದಲ್ಲಿ ಕುರ್ಚಿ ಇಲ್ಲ. ಹಾಕದಿದ್ದರೆ ಈಗ ತಾನೇ ತಟ್ಟಿಕೊಂಡ ಎದೆ ಇಲ್ಲ. ಬಾಯಲ್ಲಿ ಬಿಸಿ ತುಪ್ಪ; ಉಗುಳುವಂತಿಲ್ಲ, ನುಂಗುವಂತಿಲ್ಲ. ಲೇಖನಿಯ ತುದಿಯಿಂದ ಒಂದು ಹನಿ ಶಾಯಿ ಅವನ ಬಿಳಿ ಕಾಲುಚೀಲದ ಮೇಲೆ ಬಿತ್ತು.

"ಹಾಕಿ, ಮಾರ್ಕೆಸ್" ಎಂದ ದೊರೆ ಮೆತ್ತಗೆ. "ಮಾತು ಬದಲಿಸದ ಮಂತ್ರಿಯ ರುಜು ನನ್ನ ಹತ್ತಿರ ಒಂದೂ ಇಲ್ಲ."

"ಮಹಾಸ್ವಾಮಿ... ಯೋಚಿಸಿದರೆ, ದಿಂಬು ಬಹಳ ಪುರಾತನವಾದದ್ದು."

"ಆಮೇಲೆ?"

"ಪರಂಪರೆಗೆ ಕೈ ಹಾಕಬಾರದು. ಇರಲಿ ಬಿಡಿ."

"ದಿಂಬಿನವನು?"

"ದಿಂಬಿದ್ದ ಮೇಲೆ... ಅವನೂ ಇರಲಿ."

ದರ್ಬಾರಿನಲ್ಲಿ ಯಾರೂ ನಗಲಿಲ್ಲ. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ದೊರೆ ಮಾತ್ರ ತುಟಿ ಬಿಗಿಹಿಡಿದು, "ಬಾಸಿಲಿಯೋ, ನಿನ್ನ ಕೋಣೆ ನಿನಗೆ, ಬದುಕಿರುವವರೆಗೂ. ನಾಯಿಗಳನ್ನು ಮಾರ್ಕೆಸರು ತಮ್ಮ ಹಾಸಿಗೆಯಲ್ಲಿ ಮಲಗಿಸಿಕೊಳ್ಳಲಿ. ಇನ್ನೇನು ಬೇಕು, ಕೇಳು" ಎಂದ.

"ನನಗೇನೂ ಬೇಡ, ಮಹಾಸ್ವಾಮಿ. ದಿಂಬಿಗೆ ಎರಡು ಹಿಡಿ ಹೊಸ ಹತ್ತಿ ಹಾಕಿಸಿಕೊಡಿ. ಪ್ರಭುಗಳಿಗೂ ವಯಸ್ಸಾಯಿತು, ನೆಲ ತಣ್ಣಗಿದೆ, ಜನರಲ್ ಸಾಹೇಬರು ಗುರುವಾರ ಬರುತ್ತಾರಂತೆ."

ಆಗ ದೊರೆ ನಕ್ಕ ನಗು ಕಿಟಕಿಯ ಹಿಮವನ್ನು ಉದುರಿಸಿತು.

ಹತ್ತಿ ಬುಧವಾರವೇ ಬಂತು. ಕಳಿಸಿಕೊಟ್ಟವನು ಮಾರ್ಕೆಸ್.