ಬಾಯನ್ನು ಕೇಳುವ ಮೈಕು

"ಅಜ್ಜಾರ, ತಲಿಗೆ ಹಾಕ್ಕೊಳ್ಳೋ ಮೈಕಿನ್ಯಾಗ ಯಾವುದು ತಗೊಳ್ಳಲಿ?" ಎಂದು ಚೆನ್ನವೀರ ಮಠದ ಗುರುಗಳನ್ನು ಕೇಳಿದ.

ಅವನು ಹಾರ್ಮೋನಿಯಂ ಪೇಟಿ ನುಡಿಸುತ್ತ ಭಜನೆ ಹಾಡುವವನು. ಎದುರಿಗೆ ಮೈಕು ನಿಲ್ಲಿಸಿದರೆ, ಪೇಟಿಯ ಮೇಲೆ ಬಗ್ಗಿದಾಗಲೆಲ್ಲ ದನಿ ಮಾಯವಾಗುತ್ತಿತ್ತು. "ಅದರ ಮ್ಯಾಲ ಈ ಪುಣ್ಯಾತ್ಮನ ಬಡಿತ ಎಲ್ಲಾ ನನ್ನ ಮೈಕಿನ್ಯಾಗ ಬೀಳ್ತದ. ಹೇಳಿ ಹೇಳಿ ಸಾಕಾತು," ಎಂದು ಪಕ್ಕದಲ್ಲಿದ್ದ ತನ್ನ ತಬಲದವನತ್ತ ಬೆರಳು ಮಾಡಿದ. ತಬಲದವನು ನೆಲ ನೋಡಿದ.

ಗುರುಗಳು ಕತೆ ಶುರು ಮಾಡಿದರು.

ಒಬ್ಬ ಹಾಡುಗಾರನಿದ್ದ. ಅವನದೂ ಕೈಯಲ್ಲಿ ಪೇಟಿ, ಬಾಯಲ್ಲಿ ಪದ. ಅವನಿಗೊಂದು ಚಾಳಿ. ಒಂದು ನುಡಿ ಹಾಡಿ ಮುಗಿದು ತಬಲ ಮಾತ್ರ ಸಾಗುವಾಗ, ಮೈಕಿನಿಂದ ಮುಖ ಆಚೆ ತಿರುಗಿಸಿ, ಹಲ್ಲು ಕಿಸಿದುಕೊಂಡೇ ತಬಲದವನನ್ನು ಬೈಯುತ್ತಿದ್ದ. ನೋಡಿದ ಮಂದಿ, ಆಹಾ, ಎಂಥ ಗೆಳೆತನ ಎನ್ನುತ್ತಿದ್ದರು.

ಒಮ್ಮೆ ಅವನು ಅಂಗಡಿಗೆ ಹೋಗಿ, ನನ್ನ ಬಾಯಷ್ಟ ಕೇಳೋದು ಬೇಕು ಎಂದು ತಲೆಯ ಮೈಕುಗಳನ್ನು ಹಾಕಿ ನೋಡಿದ. ಒಂದು ಕಿವಿ ಹಿಂಡಿತು. ಇನ್ನೊಂದು ಕತ್ತು ಆಡಿಸಿದರೆ ಜಾರಿತು. ಮತ್ತೊಂದು ಸುತ್ತಲಿನ ಸದ್ದನ್ನೆಲ್ಲ ನುಂಗಿತು. ಕೊನೆಗೆ ವ್ಯಾಪಾರಿ, ತುಟಿಯ ಅಂಚಿಗೆ ಬಂದು ನಿಲ್ಲುವ ಒಂದನ್ನು ಕೊಟ್ಟ. ಅದಕ್ಕೆ ಪೇಟಿಯೂ ಬೇಡ, ತಬಲವೂ ಬೇಡ, ಬಾಯಷ್ಟೇ ಸಾಕು. ಹಾಡುಗಾರ ಹಿರಿಹಿರಿ ಹಿಗ್ಗಿದ.

ಆ ವಾರದ ಭಜನೆಯಲ್ಲಿ ಅವನ ದನಿ ಖಣಖಣ ಮೊಳಗಿತು. ಮೊದಲ ನುಡಿ ಮುಗಿಯಿತು. ರೂಢಿಯಂತೆ ಮುಖ ತಿರುಗಿಸಿದ. ಮೈಕೂ ತಿರುಗಿತು.

"ನಿನ್ನ ತಾಳಕ್ಕಿಂತ ನಮ್ಮವ್ವ ರೊಟ್ಟಿ ಬಡಿಯೋದು ಚಂದ ಇರ್ತದ!"

ಮಾತು ಊರ ತುದಿಯ ಸ್ಪೀಕರಿನವರೆಗೂ ಹೋಯಿತು. ಸಭೆ ಘೊಳ್ಳೆಂದು ನಕ್ಕಿತು. ಅವನಿಗೆ ಆಗಲೂ ತಿಳಿಯಲಿಲ್ಲ. "ನೋಡಲೇ, ನಿನ್ನ ಬಡಿತಕ್ಕ ಮಂದಿ ನಗಾಕತ್ತಾರ," ಎಂದ. ಅದೂ ಹೋಯಿತು.

ಮರುದಿನ ಮೈಕನ್ನು ಒಯ್ದು ವ್ಯಾಪಾರಿಯ ಮುಂದೆ ಒಗೆದ. "ಇದು ಹಾಡಲ್ಲದ್ದನ್ನೂ ಕೇಳ್ತದ. ನನ್ನ ಮಾನ ಹೋತು. ಬ್ಯಾರೆ ಕೊಡು."

ವ್ಯಾಪಾರಿ ಅದನ್ನು ಒರೆಸಿ ಡಬ್ಬಿಯಲ್ಲಿಟ್ಟ. "ನೀವು ಬಾಯಷ್ಟ ಕೇಳೋದು ಬೇಕಂದ್ರಿ, ಕೊಟ್ಟೆ. ಹಾಡಷ್ಟ ಕೇಳೋದು ಇನ್ನೂ ಬಂದಿಲ್ರಿ."

ಚೆನ್ನವೀರ ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣೊರೆಸಿಕೊಳ್ಳುತ್ತ, "ಪಾಪ ಅಜ್ಜಾರ, ಅಂಥಾ ಮಾತು ಎಲ್ಲಾರ ಕಿವಿಗೂ ಬಿತ್ತಲ್ಲ!" ಎಂದ.

ಗುರುಗಳೂ ನಗುತ್ತಲೇ ಹೇಳಿದರು: "ಅದಕ್ಕೂ ಮೊದಲ ಹನ್ನೆರಡು ವರ್ಷ ಅದು ಒಬ್ಬನ ಕಿವಿಗೇ ಬೀಳತಿತ್ತಪಾ."