ಇಪ್ಪತ್ತು ಶಾಲೆ, ಒಬ್ಬ ಆಚಾರ್ಯ

"ನಮ್ಮಲ್ಲಿ ಒಂದೇ ಶಾಲೆಯೇ? ನಾಚಿಕೆಗೇಡು!" ಎಂದು ಬಿಲ್ಲಗೆರೆಯ ದೊರೆ ವೀರಪ್ಪನಾಯಕ ತುಂಬಿದ ಸಭೆಯಲ್ಲಿ ತೊಡೆ ತಟ್ಟಿದ. "ಇನ್ನು ಮೂರು ತಿಂಗಳಲ್ಲಿ ಇಪ್ಪತ್ತಾಗಬೇಕು. ಪಕ್ಕದ ದೊರೆ ಹೊಟ್ಟೆ ಉರಿದುಕೊಳ್ಳಬೇಕು."

ಆ ಒಂದು ಶಾಲೆ ಕಾಳೋಜಾಚಾರ್ಯರದು. ಸೇತುವೆ, ಕೆರೆಯ ತೂಬು, ಗೋಪುರ ಕಟ್ಟುವ ವಿದ್ಯೆಯನ್ನು ಅಲ್ಲಿ ಕಲಿಸುತ್ತಿದ್ದರು. ವರ್ಷಕ್ಕೆ ಹನ್ನೆರಡೇ ಜನಕ್ಕೆ ಪ್ರವೇಶ, ಏಳು ವರ್ಷದ ಕಲಿಕೆ. "ಹುಡುಗ ಬಿಲ್ಲಗೆರೆ ಶಾಲೆಯವನು" ಎಂದರೆ ಸಾಕು, ಹೆಣ್ಣು ಕೊಡುವವರು ಜಾತಕವನ್ನೂ ಕೇಳುತ್ತಿರಲಿಲ್ಲ.

ಆಚಾರ್ಯರು ಎದ್ದು ಕೈಮುಗಿದರು. "ಕಟ್ಟಡ ನಾನೇ ನಿಂತು ಕಟ್ಟಿಸುತ್ತೇನೆ ಪ್ರಭು. ಕಲಿಸುವವರು?"

"ಸಿಗುತ್ತಾರೆ ಬಿಡಿ ಆಚಾರ್ಯರೇ. ನನ್ನ ರಾಜ್ಯದಲ್ಲಿ ಮಾತು ಬಾರದವರು ಯಾರಿದ್ದಾರೆ?"

ಸಿಕ್ಕರು. ದೊರೆಯ ಹಿಂದೆ ನಿಂತು ಚಾಮರ ಬೀಸುತ್ತಿದ್ದ ಕೆಂಚಯ್ಯ ನಾಲ್ಕನೆಯ ಶಾಲೆಗೆ ಮುಖ್ಯಸ್ಥನಾದ. ಇಷ್ಟು ವರ್ಷ ಎಲ್ಲ ಉದ್ಘಾಟನೆಗಳಲ್ಲೂ ಸೇತುವೆ, ಗೋಪುರಗಳನ್ನು ಹತ್ತಿರದಿಂದ ನೋಡಿದವನು ಅವನೇ ಎಂಬುದು ಅರ್ಹತೆ. ಸೂರು ಹೊದಿಸುವ ಮೊದಲೇ ಹತ್ತೊಂಬತ್ತು ಊರುಗಳಲ್ಲಿ "ಬಿಲ್ಲಗೆರೆ ಶಾಲೆ" ಎಂದು ಕಲ್ಲಿನ ಫಲಕ ಎದ್ದಿತು, ಕೆಳಗೆ ದೊರೆಯ ಹೆಸರು. ಏಳು ವರ್ಷದ ಪಾಠ ಹನ್ನೊಂದು ತಿಂಗಳಿಗೆ ಇಳಿಯಿತು.

ಒಂದು ದಿನ ದೊರೆ ನಾಲ್ಕನೆಯ ಶಾಲೆಗೆ ಹೋಗಿ, ಮುಂದಿನ ಸಾಲಿನ ಒಬ್ಬನನ್ನು ಕೇಳಿದ: "ಹೇಳಪ್ಪಾ, ಕಮಾನು ಬೀಳದೆ ಹೇಗೆ ನಿಲ್ಲುತ್ತದೆ?"

"ರಾಜಾಜ್ಞೆಯಿಂದ, ಪ್ರಭು!"

ದೊರೆ ಹಿಗ್ಗಿ ಅಲ್ಲಿಯೇ ಕೆಂಚಯ್ಯನಿಗೆ ಶಾಲು ಹೊದಿಸಿದ.

ವರ್ಷದ ಕೊನೆಗೆ ಆ ಶಾಲೆಯವರು ಹಿರೇಹಳ್ಳಕ್ಕೆ ಒಂಟಿ ಕಮಾನಿನ ಸೇತುವೆ ಕಟ್ಟಿದರು. ಆಚೆ ದಡದ ಏಳು ಹಳ್ಳಿಯವರು ಗಾಡಿ ಕಟ್ಟಿಕೊಂಡು ಯಾವಾಗ ದಾಟುವುದೋ ಎಂದು ಕಾಯುತ್ತಿದ್ದರು. ಕಮಾನಿಗೆ ಕೊಟ್ಟಿದ್ದ ಆಸರೆಯ ಮರ ಬಿಚ್ಚುವ ಮೊದಲು ಒಂದೇ ಒಂದು ಬಾಕಿಯಿತ್ತು, ಅದು ಕಾಳೋಜಾಚಾರ್ಯರ ಮುದ್ರೆ. ಅದಿಲ್ಲದ ಸೇತುವೆಗೆ ಆ ಸೀಮೆಯ ಜನ ಕಾಲಿಡುತ್ತಿರಲಿಲ್ಲ.

ಆಚಾರ್ಯರು ಒಲ್ಲೆ ಎಂದರು. "ಮೂರು ದಿನದಲ್ಲಿ ಮುದ್ರೆ ಒತ್ತಬೇಕು, ಇಲ್ಲವೇ ರಾಜ್ಯ ಬಿಡಬೇಕು" ಎಂದು ಅಪ್ಪಣೆಯಾಯಿತು.

ಆಸ್ಥಾನದ ಚತುರ ಹಂಪರಸ ಆಚಾರ್ಯರ ಹಳೆಯ ಸ್ನೇಹಿತ. ಸುದ್ದಿ ಕೇಳಿ ಅವರ ಮನೆಗೆ ಬಂದ. ಆಚಾರ್ಯರು ಉಳಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು.

"ಹೊರಟೇಬಿಟ್ಟಿರಾ? ಒಂದು ಮುದ್ರೆ ತಾನೇ, ಆಚಾರ್ಯರೇ!"

"ಹಂಪರಸ, ಆಸರೆಯ ಮರ ಬಿಚ್ಚುವಾಗ ಮುದ್ರೆ ಒತ್ತಿದವನು ಕಮಾನಿನ ಕೆಳಗೆ ಕೂತಿರಬೇಕು. ನಮ್ಮ ತಾತನ ಕಾಲದಿಂದ ಬಂದ ಪದ್ಧತಿ. ಕಾಳಿಕಾಂಬೆಯ ನಾಮ ಹೇಳುತ್ತಾ ಮೂವತ್ತೊಂದು ಸಲ ಕೂತಿದ್ದೇನೆ. ನನ್ನ ಜೀವದ ಮಾತು ಹಾಗಿರಲಿ, ನನ್ನ ಮುದ್ರೆ ನೋಡಿ ಏಳು ಹಳ್ಳಿಯವರು ಅದರ ಮೇಲೆ ಮಕ್ಕಳನ್ನು ನಡೆಸುತ್ತಾರಲ್ಲ!"

"ಈ ಪದ್ಧತಿ ದೊರೆಗೆ ಗೊತ್ತೇ?"

"ಅವರು ಬರುವುದು ಆಸರೆ ಬಿಚ್ಚಿ, ತೋರಣ ಕಟ್ಟಿದ ಮೇಲೆ."

"ಹಾಗಾದರೆ ಉಳಿಗಳನ್ನು ಬಿಚ್ಚಿಡಿ" ಎಂದು ಹಂಪರಸ ಎದ್ದ.

ಮರುದಿನ ಸಭೆಯಲ್ಲಿ ಅವನು ತಲೆಬಾಗಿ ಹೇಳಿದ: "ಪ್ರಭು, ಆ ಮುದುಕರ ಮುದ್ರೆ ಯಾಕೆ ಬೇಕು? ಶಾಲೆ ತಮ್ಮದು, ಫಲಕದಲ್ಲಿರುವ ಹೆಸರು ತಮ್ಮದು. ಮುದ್ರೆಯೂ ತಮ್ಮದೇ ಇರಲಿ. ಅದನ್ನು ನೋಡಿದರೆ ಜನ ಕಣ್ಣು ಮುಚ್ಚಿ ದಾಟುತ್ತಾರೆ."

"ಈ ಬುದ್ಧಿ ಇಷ್ಟು ದಿನ ಎಲ್ಲಿಟ್ಟಿದ್ದೆಯೋ!" ಎಂದು ದೊರೆ ಆಗಲೇ ರಾಜಮುದ್ರೆ ಒತ್ತಿದ.

ಆಸರೆ ಬಿಚ್ಚುವ ದಿನ ದೊರೆಯನ್ನು ಮೇಳದೊಂದಿಗೆ ಕರೆತಂದರು. ಎರಡೂ ದಡದಲ್ಲಿ ಜನ ಕಿಕ್ಕಿರಿದಿದ್ದರು, ಈಚೆ ದಡದಲ್ಲಿ ಆಚಾರ್ಯರೂ ನಿಂತಿದ್ದರು. ಹಳ್ಳ ಬತ್ತಿತ್ತು. ಕಮಾನಿನ ಕೆಳಗೆ ನಟ್ಟನಡುವೆ, ಮರಳಿನ ಮೇಲೆ, ಪಟ್ಟೆಯ ದಿಂಬಿಟ್ಟ ಬೆಳ್ಳಿ ಪೀಠ ಹೊಳೆಯುತ್ತಿತ್ತು.

"ಅದು ಯಾರಿಗೆ?" ಎಂದ ದೊರೆ.

"ತಮಗೇ ಪ್ರಭು" ಎಂದು ಹಂಪರಸ ಪದ್ಧತಿಯನ್ನು ವಿವರಿಸಿದ. "ಕಾಳೋಜರು ಬರೀ ಮಣೆಯ ಮೇಲೆ ಕೂರುತ್ತಿದ್ದರು. ತಮಗೆ ಅದು ಶೋಭಿಸುವುದಿಲ್ಲ ಎಂದು ಪೀಠ ಹಾಕಿಸಿದೆ."

ಅಷ್ಟು ಜನರೆದುರು ಹಿಂಜರಿಯುವುದು ಹೇಗೆ? ದೊರೆ ಮೀಸೆ ತಿರುವಿ ಮುಂದೆ ನಡೆದ. ಕೆಲಸದವರು ಎರಡು ಬೆಣೆ ಬಡಿದು ತೆಗೆದರು. ಮರ ನರಳಿತು. ಕಲ್ಲಿನ ಸಂದಿಯಿಂದ ಗಾರೆ ಪುರಪುರನೆ ಉದುರಿತು. ದೊರೆ ಕಮಾನಿನ ಬಾಯಲ್ಲೇ ನಿಂತ.

"ನಿಲ್ಲಿಸಿ! ಕೆಂಚಯ್ಯ, ಇದನ್ನು ಕಟ್ಟಿದವರಿಗೆ ಪಾಠ ಹೇಳಿದ್ದು ಯಾರು?"

"ನಾನೇ, ಪ್ರಭು."

"ನಿನಗೆ?"

"ಒಂಬತ್ತನೆಯ ಶಾಲೆಯ ಮುಖ್ಯಸ್ಥರು."

"ಅವರಿಗೆ?"

"ಹದಿನೇಳನೆಯ ಶಾಲೆಯವರು."

"ಸರಿ, ಆ ಪುಣ್ಯಾತ್ಮನಿಗೆ?"

ಕೆಂಚಯ್ಯ ತಲೆ ಕೆರೆದುಕೊಂಡ. "ಅವರು... ನನ್ನ ಹತ್ತಿರವೇ ಬಂದು ಬರೆದುಕೊಂಡು ಹೋಗಿದ್ದರು, ಪ್ರಭು."

ದಡದ ಮೇಲೆ ಯಾರೋ ಕಿಸಕ್ಕನೆ ನಕ್ಕರು. ದೊರೆ ಹಂಪರಸನ ಕಡೆ ತಿರುಗಿ ಕೆಂಗಣ್ಣು ಬಿಟ್ಟ. "ಇದನ್ನು ಮೊದಲೇ ಕೇಳಬಾರದಿತ್ತೇನೋ?"

"ಕಾಳೋಜರು ಮೊದಲ ದಿನವೇ ಕೇಳಿದರು ಪ್ರಭು. ಆಗ ಕಮಾನಿನ ಕೆಳಗೆ ಹೋಗಬೇಕಾದವರು ಬೇರೆಯವರಾಗಿದ್ದರು."

ದೊರೆಯ ಮುಖ ಕಪ್ಪಿಟ್ಟಿತು. ಆಚೆ ದಡದಲ್ಲಿ ಗಾಡಿಯ ಮೇಲೆ ಕೂತಿದ್ದ ಹೆಂಗಸರು, ಕೂಸುಗಳ ಕಡೆ ಅವನು ಒಂದು ಗಳಿಗೆ ನೋಡಿದ. ಆಮೇಲೆ ಆಚಾರ್ಯರಿಗೆ ಕೈಮುಗಿದ. "ಇದನ್ನು ಇಳಿಸಿ ನೀವೇ ಕಟ್ಟಿಸಿ. ಹತ್ತೊಂಬತ್ತು ಫಲಕವೂ ಇಳಿಯಲಿ. ಕಲಿಸಬಲ್ಲವನು ತಯಾರಾದ ಎಂದು ನೀವು ಹೇಳಿದ ದಿನ ಒಂದೊಂದೇ ಶಾಲೆ ತೆರೆಯೋಣ."

"ತಡವಾಗುತ್ತದೆ, ಪ್ರಭು" ಎಂದರು ಆಚಾರ್ಯರು.

"ಆಗಲಿ."

ಅಷ್ಟು ಹೇಳಿದ ಮೇಲೆ ದೊರೆಗೆ ತನ್ನ ಅವಸ್ಥೆ ನೆನೆದು ತನಗೇ ನಗು ಬಂತು. "ಎಲಾ ಹಂಪರಸ, ನನ್ನನ್ನೇ ಕೂರಿಸಲು ನೋಡಿದೆಯಲ್ಲ! ಹೋಗು, ಆ ಬೆಳ್ಳಿ ಪೀಠ ನಿನಗೇ ಬಹುಮಾನ. ಎತ್ತಿಕೊಂಡು ಬಾ."

ಹಂಪರಸ ಪೀಠ ನೋಡಿದ, ಮೇಲಿನ ಕಮಾನು ನೋಡಿದ. ನಿಂತಲ್ಲಿಂದಲೇ ಕೈಜೋಡಿಸಿದ.

"ಪ್ರಭು, ಬಹುಮಾನವಾದರೆ ಕೈಗೆ ಕೊಡಿ. ಅಲ್ಲಿಗೆ ಹೋಗಿ ಎತ್ತಿಕೋ ಎಂದರೆ ಅದು ಶಿಕ್ಷೆ!"